ಗರ್ಭಗೃಹವೂ ಮಂಟಪವೂ

ಅರಸೀಕೆರೆಯಿಂದ ಹೊರಟು ಹರಪನಹಳ್ಳಿಯನ್ನು ಹಾದು ಬಾಗಳಿಯ ಕಲ್ಲೇಶ್ವರನ ಸನ್ನಿಧಿಯನ್ನು ಸೇರಿದವನು, ರಾಷ್ಟ್ರಕೂಟರ ಕಾಲದ ಗುಡಿಗೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ಆರಂಭದಲ್ಲಿ, ಕ್ರಿ.ಶ. 987ರ ಸುಮಾರಿಗೆ, ಕೂಡಿಕೊಂಡ ಸ್ತಂಭಸಮೃದ್ಧವಾದ ಮಹಾಮಂಟಪವನ್ನು ಕಂಡಾಗ, ರಾಜ್ಯವೇ ಪಲ್ಲಟಗೊಂಡರೂ ಹಿಂದಿನವರದನ್ನು ಕೆಡವದೆ ಅದರೊಡನೆ ತಮ್ಮದನ್ನು ಸೇರಿಸಿದವರ ವಿವೇಕಕ್ಕೆ ತಲೆದೂಗದಿರಲಾರನು. ಈ ವಿವೇಕವು ಕಲ್ಲುಕೆಲಸಕ್ಕೆ ಮಾತ್ರ ಸಲ್ಲತಕ್ಕುದೆಂದು ನಾನು ಬಹುಕಾಲ ಭಾವಿಸಿದ್ದೆನು. ಹಳೆಯ ಗೃಹಗಣಕಗಳ ಚರಿತ್ರೆಯು ಆ ಭಾವನೆಯನ್ನು ತಿದ್ದಿತು.

1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯು ಹೊರತಂದ ಬಿಬಿಸಿ ಮೈಕ್ರೊ ಎಂಬ ಯಂತ್ರವು, ಕೀಲಿಮಣೆಯ ಅಡಿಯಲ್ಲಿಯೇ ತನ್ನ ಸರ್ವಸ್ವವನ್ನೂ ಅಡಗಿಸಿಕೊಂಡ ಕೆನೆಬಣ್ಣದ ಪೆಟ್ಟಿಗೆ. ಅದರ 'ಬಿ' ಮಾದರಿಯ ಸ್ಮೃತಿ ಕೇವಲ 32 ಕಿಲೋಬೈಟು. 1984ರಲ್ಲಿ ಭಾರತ ಸರ್ಕಾರವು ಆರಂಭಿಸಿದ 'ಕ್ಲಾಸ್' ಯೋಜನೆಯು ಮೊದಲಿಗೆ ಸುಮಾರು 250 ಶಾಲೆಗಳಿಗೆ ಗಣಕವನ್ನು ಒಯ್ದಾಗ, ನಮ್ಮ ಮಕ್ಕಳ ಬೆರಳಿಗೆ ದೊರೆತುದು ಈ ಯಂತ್ರವೇ.

ಇಂತಹ ಪೆಟ್ಟಿಗೆಗಳ ಒಡಲನ್ನು ಬರಿದುಮಾಡಿ, 170 ಮಿಲಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡನ್ನೋ, ಅಂಗೈಯಗಲದ ಗಣಕವಾದ ರಾಸ್ಪ್‌ಬೆರಿ ಪೈಯನ್ನೋ ಒಳಗಿರಿಸುವ ಹವ್ಯಾಸವು ಈಚಿನ ದಶಕಗಳಲ್ಲಿ ಬೆಳೆದಿದೆ. ಕೆಲಸವು ಸುಲಭವಲ್ಲ. ಹಳೆಯ ಕೀಲಿಮಣೆಯು ಯುಎಸ್‌ಬಿಯ ಭಾಷೆಯನ್ನರಿಯದಾದುದರಿಂದ, ಅಡ್ಡಸಾಲು ಕಂಬಸಾಲುಗಳ ಜಾಲದಲ್ಲಿ ಒತ್ತಿದ ಕೀಲಿಯಾವುದೆಂದು ಹುಡುಕಿ ತಿಳಿಸುವ ಪುಟ್ಟ ನಿಯಂತ್ರಕವೊಂದನ್ನು ದುಭಾಷಿಯಾಗಿ ನಡುವೆ ಕೂರಿಸಬೇಕು. ತಗ್ಗಾದ ಮುಚ್ಚಳದಡಿ ಬಿಸಿಗಾಳಿಗೆ ದಾರಿ ತೋರಬೇಕು. ಕಾಲಾಂತರದಲ್ಲಿ ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡು ಬಳಿದು ಬೆಳಕಿಗಿಟ್ಟು ಬಿಳುಪಿಸಬೇಕು. ಇನ್ನೂ ಉಸಿರಾಡುವ ಯಂತ್ರದ ಕರುಳನ್ನು ಕೀಳುವುದು ಪಾತಕವೆಂದು ಸಂರಕ್ಷಕರು ಗದರುವುದೂ ಉಂಟು. ಅವರ ಮಾತು ನಿರಾಧಾರವಲ್ಲ.

ಏಕೆಂದರೆ ಬಿಬಿಸಿ ಮೈಕ್ರೊವನ್ನು ನಿರ್ಮಿಸಿದವರು ಹೊಸಬನಿಗೆಂದೇ, ಅಂದರೆ ಹೊರಗಿನಿಂದ ಜೋಡಿಸುವ ಎರಡನೆಯ ಪ್ರಾಸೆಸರಿಗೆಂದೇ, 'ಟ್ಯೂಬ್' ಎಂಬ ಬಾಗಿಲೊಂದನ್ನು ಮೊದಲೇ ಇರಿಸಿದ್ದರು. 1985ರ ಏಪ್ರಿಲ್ 26ರಂದು, ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಪ್ರಥಮ ಏಆರ್‌ಎಂ ಪ್ರಾಸೆಸರು ಕಣ್ದೆರೆದುದು ಇದೇ ಯಂತ್ರಕ್ಕೆ ಜೋಡಣೆಗೊಂಡು. ಆ ವಂಶದ ಕುಡಿಯೇ 2012ರ ರಾಸ್ಪ್‌ಬೆರಿ ಪೈ. 'ಎ', 'ಬಿ' ಎಂಬ ಮಾದರಿಯ ಹೆಸರುಗಳನ್ನೂ ಅದು ಬಿಬಿಸಿ ಮೈಕ್ರೊವಿನಿಂದಲೇ ಪಡೆಯಿತು. ಮೊಮ್ಮಗನು ತಾತನ ಮನೆಗೆ ಮರಳಿದನೆಂದು ನಾವು ಹಿಗ್ಗಬಹುದು. ಆದರೆ ತಾತನನ್ನು ಹೊರಹಾಕಿ ಒಳಬಂದರೆ ಅದು ಮರಳುವಿಕೆಯೇ?

ಒಳಗಿನ ವಿದ್ಯುನ್ಮಂಡಲವು ಸತ್ತ ಪೆಟ್ಟಿಗೆಯಾದರೆ ಹೊಸದನ್ನು ತುಂಬಲಿ. ಬದುಕಿರುವುದಾದರೆ, ಪುಟ್ಟ ಪೈಯನ್ನು ಟ್ಯೂಬಿನ ಬಾಗಿಲಿಗೆ ಸೇರಿಸುವ ಮಾರ್ಗವು ಇಂದಿಗೂ ತೆರೆದಿದೆ. ಅಲ್ಲಿ ಲೆಕ್ಕವೆಲ್ಲ ಹೊಸಬನದು, ಕೀಲಿಯನ್ನಾಲಿಸಿ ಪರದೆಗೆ ಬರೆಯುವ ಕೆಲಸ ಹಳಬನದು. ಬಾಗಳಿಯಲ್ಲಿಯೂ ಜನ ಸೇರುವುದು ಮಂಟಪದಲ್ಲಿ. ದೀಪ ಉರಿಯುವುದು ಗರ್ಭಗೃಹದಲ್ಲಿ.