ವಾದದಿಂದ ನಿರ್ಣಯಕ್ಕೆ: ವ್ಯಾಪಾರದಲ್ಲಿ ಗಣಕತರ್ಕದ ಬೆಳವಣಿಗೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನುಂಡು ಭತ್ತದ ನಾಡೆನಿಸಿಕೊಂಡ ಸಿಂಧನೂರಿನಲ್ಲಿ, ಅದೇ ಕಾಲುವೆಯ ನೀರು ಒಂದು ಪಾಲಿಗೆ ಮಾತ್ರ ಒದಗುವ ಮಸ್ಕಿಯಲ್ಲಿ, ಮಳೆಯನ್ನೇ ನಂಬಿ ತೊಗರಿ ಸಜ್ಜೆಗಳನ್ನು ಬಿತ್ತುವ ಹೊಲಗಳು ಇಂದಿಗೂ ಬಹಳವಿರುವ ಲಿಂಗಸುಗೂರಿನಲ್ಲಿ, ಸುಗ್ಗಿಯು ಸಮೀಪಿಸಿತೆಂದರೆ ದಲಾಲಿ ಅಂಗಡಿಯಿಂದ ರೈಸ್ ಮಿಲ್ಲಿನವರೆಗೆ ಕೇಳಿಬರುವ ಪ್ರಶ್ನೆಯು ಒಂದೇ: ಮಾಲನ್ನು ಈಗಲೇ ಮಾರುವುದೋ, ತಡೆದಿಡುವುದೋ? ಈ ಪ್ರಶ್ನೆಗೆ ಅನುಭವಿಯಾದ ವರ್ತಕನು ಬರಿಯ ದರವನ್ನು ಹೇಳಿ ಸುಮ್ಮನಾಗುವುದಿಲ್ಲ. ಒಂದು ಕಾರಣವನ್ನು ಮುಂದಿಡುತ್ತಾನೆ, ಎದುರಿನವನು ಅದನ್ನು ಖಂಡಿಸುತ್ತಾನೆ, ಆ ಖಂಡನೆಗೂ ಮತ್ತೊಬ್ಬನು ಪರಿಹಾರವನ್ನು ಹೇಳುತ್ತಾನೆ. ಈ ಕ್ರಮವನ್ನೇ ಗಣಕಯಂತ್ರಕ್ಕೆ ಕಲಿಸಿ, ಅಂತರ್ಜಾಲದ ಮೂಲಕ ವ್ಯಾಪಾರನಿರ್ಣಯಕ್ಕೆ ನೆರವಾಗುವಂತೆ ಮಾಡಲೆಳಸಿದ ಶಾಸ್ತ್ರವೊಂದು ಕಳೆದ ಅರ್ಧಶತಮಾನಕ್ಕೂ ಮಿಕ್ಕಿದ ಕಾಲದಲ್ಲಿ ರೂಪುಗೊಂಡಿದೆ. ಅದು ಬೆಳೆದುಬಂದ ಬಗೆಯನ್ನು ಅವಲೋಕಿಸುವುದೇ ಈ ಲೇಖನದ ಉದ್ದೇಶ.

ವಾದವನ್ನು ಶಾಸ್ತ್ರವಾಗಿ ವಿಚಾರಿಸಿದವರಲ್ಲಿ ನಮ್ಮವರು ಹಿಂದುಳಿದವರಲ್ಲ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಪಂಚಾವಯವಗಳನ್ನು ವಿವರಿಸಿದ ನ್ಯಾಯದರ್ಶನವು, ಸಮಬಲದ ಪ್ರತಿಹೇತುವು ಎದುರಾದಾಗ ಮೊದಲಿನ ಹೇತುವು ಸಾಧಕವಾಗದೆಂಬುದನ್ನೂ ಸತ್ಪ್ರತಿಪಕ್ಷವೆಂಬ ಹೆಸರಿನಿಂದ ಗುರುತಿಸಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ವ್ಯವಹಾರವು, ಎಂದರೆ ನ್ಯಾಯವಿಚಾರಣೆಯು, ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳ ಮೇಲೆ ನಿಲ್ಲುತ್ತದೆ: ವಾದಿಯ ಹೇಳಿಕೆ, ಪ್ರತಿವಾದಿಯ ಮರುನುಡಿ, ಪ್ರಮಾಣ, ಕಡೆಗೆ ನಿರ್ಣಯ. ಇಂದಿನ ಗಣಕಶಾಸ್ತ್ರವು ಇವುಗಳಿಂದ ಹುಟ್ಟಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಇದನ್ನು ಓದುವ ಕನ್ನಡಿಗನಿಗೆ ಇದರ ಹೃದಯವು ಅಪರಿಚಿತವಾಗಿ ತೋರಲಾರದು.

ಆಧುನಿಕ ಕಾಲದಲ್ಲಿ ಈ ವಿಷಯದ ಎರಡು ಧಾರೆಗಳೂ ಒಂದೇ ವರ್ಷದಲ್ಲಿ ಹೊರಟುದು ಗಮನಾರ್ಹ. 1958ರಲ್ಲಿ ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್, ದಾಖಲೆಗಳನ್ನು ಯಂತ್ರದಿಂದ ಸಂಗ್ರಹಿಸಿ, ಸಾರವನ್ನು ತೆಗೆದು, ಬೇಕಾದವರಿಗೆ ಮುಟ್ಟಿಸುವ ‘ಬಿಸಿನೆಸ್ ಇಂಟೆಲಿಜೆನ್ಸ್’ ವ್ಯವಸ್ಥೆಯೊಂದನ್ನು ಕಲ್ಪಿಸಿದನು. ಅದೇ ವರ್ಷ ಇಂಗ್ಲೆಂಡಿನ ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್, ಜನರು ನಿತ್ಯಜೀವನದಲ್ಲಿ ಮಾಡುವ ವಾದಕ್ಕೆ ಗಣಿತದ ಸಾಧನೆಯ ಅಚ್ಚು ಒಗ್ಗದೆಂದು ತೋರಿಸಿ, ಪ್ರತಿಪಾದನೆ, ಆಧಾರ, ಅವೆರಡನ್ನೂ ಬೆಸೆಯುವ ನಿಯಮ, ಅಪವಾದ ಮೊದಲಾದ ಅಂಗಗಳುಳ್ಳ ಹೊಸ ಮಾದರಿಯನ್ನು ಪ್ರತಿಪಾದಿಸಿದನು. ಮಾಹಿತಿಯ ಧಾರೆಯೂ ವಾದದ ಧಾರೆಯೂ ಆಮೇಲೆ ಬಹುಕಾಲ ಬೇರೆಬೇರೆಯಾಗಿಯೇ ಹರಿದುವು.

ಮಾಹಿತಿಯ ಧಾರೆಯು ಬೇಗ ವಿಸ್ತಾರಗೊಂಡಿತು. 1971ರಲ್ಲಿ ಗೋರಿ ಮತ್ತು ಸ್ಕಾಟ್ ಮಾರ್ಟನ್ ಎಂಬ ವಿದ್ವಾಂಸರು, ಸೂತ್ರಕ್ಕೆ ಪೂರ್ತಿಯಾಗಿ ಸಿಕ್ಕದ ನಿರ್ಣಯಗಳಿಗೆ ಯಂತ್ರವು ನೆರವಾಗಬೇಕಲ್ಲದೆ ಮನುಷ್ಯನ ಸ್ಥಾನವನ್ನು ಆಕ್ರಮಿಸಬಾರದೆಂಬ ನಿಲುವಿನಿಂದ ನಿರ್ಣಯಸಹಾಯಕ ವ್ಯವಸ್ಥೆಯನ್ನು ವಿವರಿಸಿದರು. ಮುಂದೆ ಅಂತರ್ಜಾಲವು ಬಂದ ಮೇಲೆ ಈ ನೆರವು ಹಳ್ಳಿಯ ಬಾಗಿಲಿಗೂ ಮುಟ್ಟಿತು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯು ಪಹಣಿಯನ್ನು ಗಣಕಕ್ಕೇರಿಸಿತು, ‘ಕೃಷಿ ಮಾರಾಟ ವಾಹಿನಿ’ಯು ಎಪಿಎಂಸಿಗಳ ಆವಕವನ್ನೂ ಕನಿಷ್ಠ, ಗರಿಷ್ಠ, ಮಾದರಿ ದರಗಳನ್ನೂ ದಿನದಿನವೂ ಪ್ರಕಟಿಸತೊಡಗಿತು, 2014ರಲ್ಲಿ ಆರಂಭವಾದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯು ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಟೆಂಡರ್ ಜಾಲದೊಳಕ್ಕೆ ತಂದಿತು, 2016ರ ಏಪ್ರಿಲಿನಲ್ಲಿ ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲವಾದ ಇ-ನಾಮ್ ಉದ್ಘಾಟನೆಯಾಯಿತು. 2017ರಲ್ಲಿ ತೊಗರಿಯ ಬೆಲೆಯನ್ನು ಮುಂದಾಗಿ ಅಂದಾಜು ಮಾಡುವ ಕೃತಕ ಬುದ್ಧಿಮತ್ತೆಗಾಗಿ ರಾಜ್ಯ ಸರ್ಕಾರವು ಮೈಕ್ರೋಸಾಫ್ಟ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಇವೆಲ್ಲವೂ ಉಪಕಾರಕವಾದುವೇ, ಆದರೆ ದರಪಟ್ಟಿಯು ಹೇಳುವುದು ಏನಾಯಿತೆಂಬುದನ್ನು, ಮುನ್ಸೂಚನೆಯು ಹೇಳುವುದು ಏನಾದೀತೆಂಬುದನ್ನು. ಏಕೆ ಹಾಗೆ, ಅದಕ್ಕೆ ಎದುರಾಗಿ ಏನು ಹೇಳಬಹುದು ಎಂಬ ವಿಚಾರವು ಎರಡರಲ್ಲಿಯೂ ಹೊರಗುಳಿಯಿತು.

ಆ ವಿಚಾರವನ್ನು ಕೈಗೆತ್ತಿಕೊಂಡುದು ವಾದದ ಧಾರೆ. 1970ರಲ್ಲಿ ಕುಂಜ್ ಮತ್ತು ರಿಟೆಲ್ ಎಂಬವರು ಪ್ರಶ್ನೆ, ನಿಲುವು, ಪರವಾದ, ವಿರುದ್ಧವಾದಗಳನ್ನು ಕ್ರಮವಾಗಿ ದಾಖಲಿಸುವ ಪದ್ಧತಿಯನ್ನು ರಚಿಸಿದರು. 1980ರ ದಶಕದಲ್ಲಿ ಜಾನ್ ಪೊಲಾಕ್ ಮೊದಲಾದವರು, ಇಂದು ಯುಕ್ತವಾದ ತೀರ್ಮಾನವು ನಾಳೆ ಹೊಸ ಪ್ರಮಾಣವು ದೊರೆತಾಗ ಬಿದ್ದುಹೋಗಬಹುದಾದ, ಎಂದರೆ ಬಾಧ್ಯವಾದ, ತರ್ಕವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಇಂಥ ತರ್ಕಕ್ಕೆ ಮಸ್ಕಿಯ ಬಂಡೆಯ ಮೇಲಿನ ಶಾಸನಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ. ಪ್ರಾಚೀನ ಶಾಸನಗಳಲ್ಲಿ ಕಾಣುವ ‘ದೇವಾನಾಂಪ್ರಿಯ ಪ್ರಿಯದರ್ಶಿ’ಯು ಸಿಂಹಳದ ರಾಜನಿರಬೇಕೆಂದು ಜೇಮ್ಸ್ ಪ್ರಿನ್ಸೆಪ್ ಮೊದಲು ಊಹಿಸಿದನು, ಜಾರ್ಜ್ ಟರ್ನರ್ ಸಿಂಹಳದ ಇತಿಹಾಸಗ್ರಂಥದ ಆಧಾರದಿಂದ ಅವನು ಮೌರ್ಯ ಅಶೋಕನೆಂದು ತೋರಿಸಿದಾಗ ಆ ಊಹೆಯು ಬಿದ್ದಿತು, 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದೊಳಗೆ ಅಶೋಕನ ಹೆಸರೇ ಇದ್ದುದರಿಂದ ಎರಡನೆಯ ವಾದಕ್ಕೆ ನೇರವಾದ ಪ್ರಮಾಣವೊದಗಿತು.

ಈ ಧಾರೆಯ ಮಹತ್ತ್ವದ ತಿರುವು 1995ರದು. ಫಾನ್ ಮಿನ್ ಡುಂಗ್ ಎಂಬ ವಿಯೆಟ್ನಾಮಿನ ವಿದ್ವಾಂಸನು, ವಾದದೊಳಗಿನ ವಿಷಯವನ್ನು ಬದಿಗಿರಿಸಿ, ಯಾವ ವಾದವು ಯಾವುದನ್ನು ಖಂಡಿಸುತ್ತದೆಂಬ ಸಂಬಂಧವೊಂದರಿಂದಲೇ ಗ್ರಾಹ್ಯ-ಅಗ್ರಾಹ್ಯಗಳನ್ನು ನಿಶ್ಚಯಿಸಬಹುದೆಂದು ಸಾಧಿಸಿದನು. ಸಿಂಧನೂರಿನ ಭತ್ತಕ್ಕೆ ಇದನ್ನು ಅನ್ವಯಿಸಿ ನೋಡೋಣ. ಮೊದಲನೆಯ ವಾದ: ಆವಕವು ಹೆಚ್ಚಿದೆ, ದರವು ಕುಸಿಯುತ್ತದೆ, ಈಗಲೇ ಮಾರಬೇಕು. ಎರಡನೆಯದು ಇದನ್ನು ಖಂಡಿಸುತ್ತದೆ: ನೀರಾವರಿ ಸಲಹಾ ಸಮಿತಿಯು ಎರಡನೆಯ ಬೆಳೆಗೆ ನೀರಿಲ್ಲವೆಂದರೆ ಬೇಸಗೆಯ ಆವಕವು ತಗ್ಗಿ ದರವೇರುತ್ತದೆ, ತಡೆದಿಡಬೇಕು. ಮೂರನೆಯದು ಎರಡನೆಯದನ್ನು ಖಂಡಿಸುತ್ತದೆ: 2023ರ ಜುಲೈಯಿಂದ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತಿಗೆ ನಿಷೇಧವಿದೆ, ದರವೇರದು. ನಾಲ್ಕನೆಯದು ಮೂರನೆಯದರ ಬುಡವನ್ನೇ ಕಡಿಯುತ್ತದೆ: ಆ ನಿಷೇಧವು 2024ರ ಸೆಪ್ಟೆಂಬರಿನಲ್ಲಿ ತೆರವಾಯಿತು. ನಾಲ್ಕನೆಯದನ್ನು ಖಂಡಿಸುವ ವಾದವಿಲ್ಲದುದರಿಂದ ಅದು ಗ್ರಾಹ್ಯ. ಆದುದರಿಂದ ಮೂರನೆಯದು ಅಗ್ರಾಹ್ಯ. ಖಂಡಿಸಿದವನು ಸೋತುದರಿಂದ ಎರಡನೆಯದು ಪುನಃ ಎದ್ದು ನಿಂತು ಮೊದಲನೆಯದನ್ನು ಕೆಡವುತ್ತದೆ. ಆದರೆ ಕಣದಲ್ಲಿರುವ ಭತ್ತದ ತೇವವು ಇಳಿದಿಲ್ಲ, ತಡೆದಿಟ್ಟರೆ ಕೆಡುತ್ತದೆ ಎಂಬ ಐದನೆಯ ವಾದವೊಂದು ಬಂದಿತೆಂದರೆ ತಡೆದಿಡುವ ಸಲಹೆಯು ಸೋತು ಮಾರುವ ಸಲಹೆಯೇ ಗೆಲ್ಲುತ್ತದೆ. ತೀರ್ಮಾನವು ತಿರುಗಿದುದು ಎಲ್ಲಿ, ಏತಕ್ಕೆ ಎಂಬುದು ರೈತನ ಕಣ್ಣಿಗೂ ಕಾಣುತ್ತದೆ. ಈ ಪದ್ಧತಿಯ ಸಾರ್ಥಕ್ಯವು ಇದರಲ್ಲಿಯೇ ಇದೆ.

2004ರಲ್ಲಿ ಅರ್ಜೆಂಟೈನಾದ ಗಾರ್ಸಿಯಾ ಮತ್ತು ಸಿಮಾರಿ, ತಪ್ಪದ ನಿಯಮಗಳನ್ನೂ ಬಾಧ್ಯವಾದ ನಿಯಮಗಳನ್ನೂ ಬೇರ್ಪಡಿಸಿ, ವಾದ-ಪ್ರತಿವಾದಗಳ ಕವಲುಗಳನ್ನು ಯಂತ್ರವೇ ಶೋಧಿಸುವ ಕಾರ್ಯಕ್ರಮಭಾಷೆಯನ್ನು ವಿವರವಾಗಿ ಪ್ರಕಟಿಸಿದರು. ಅದರ ಉತ್ತರಗಳು ‘ಹೌದು’, ‘ಅಲ್ಲ’ ಎಂಬೆರಡರಲ್ಲಿ ಮುಗಿಯದೆ, ‘ಅನಿರ್ಣೀತ’, ‘ಅಜ್ಞಾತ’ ಎಂಬ ಇನ್ನೆರಡನ್ನೂ ಒಳಗೊಂಡಿವೆ. ಇಷ್ಟರಲ್ಲಿ, 2001ರಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು ಮುಂದಿಟ್ಟ, ಜಾಲದ ಮಾಹಿತಿಯ ಅರ್ಥವನ್ನು ಯಂತ್ರವೂ ಗ್ರಹಿಸುವಂತೆ ಮಾಡುವ ಅರ್ಥಗರ್ಭಿತ ಜಾಲದ (ಸೆಮ್ಯಾಂಟಿಕ್ ವೆಬ್) ಕಲ್ಪನೆಯು ಎರಡು ಧಾರೆಗಳ ಸಂಗಮಕ್ಕೆ ನೆಲವನ್ನು ಹದಮಾಡಿತ್ತು. ಆಸ್ಟ್ರೇಲಿಯದಲ್ಲಿ ಸಂಶೋಧನೆ ನಡೆಸುತ್ತಿದ್ದ ನಯೀಮ್ ಜಂಜುವಾ ಮತ್ತು ಫಾರೂಕ್ ಹುಸೇನ್ 2012ರಲ್ಲಿ ಪ್ರಕಟಿಸಿದ ವ್ಯವಸ್ಥೆಯು ಆ ಸಂಗಮದ ಸ್ಪಷ್ಟ ರೂಪ: ಅಪೂರ್ಣವೂ ಪರಸ್ಪರವಿರುದ್ಧವೂ ಆದ ಮಾಹಿತಿಯ ಮೇಲೆ ವಾದಪದ್ಧತಿಯಿಂದ ವಿಚಾರಮಾಡಿ, ಸಂಸ್ಥೆಯ ನಿರ್ಣಯಕ್ಕೆ ಜಾಲದ ಮೂಲಕ ನೆರವಾಗುವುದು ಅದರ ಗುರಿ.

ಇದರ ಮಿತಿಗಳನ್ನೂ ಹೇಳಬೇಕು. ವಾದಗಳು ಬಹಳವಾದಾಗ ಕೆಲವು ಬಗೆಯ ಗ್ರಾಹ್ಯತೆಯ ಲೆಕ್ಕವು ಯಂತ್ರಕ್ಕೂ ದುಸ್ತರವಾಗುತ್ತದೆ. ಯಾವ ವಾದವು ಯಾವುದಕ್ಕಿಂತ ಬಲವುಳ್ಳದ್ದೆಂಬ ತೂಕವನ್ನು ಯಾರೋ ಒಬ್ಬರು ಮೊದಲೇ ಬರೆದಿಡಬೇಕು. ಬರೆಯುವವನು ಕೊಳ್ಳುವವನ ಕಡೆಯವನಾದರೆ ತಕ್ಕಡಿಯು ಮೊದಲೇ ವಾಲಿರುತ್ತದೆ. ಕಾಲುವೆಯ ಕೊನೆಭಾಗದ ರೈತನ ಅನುಭವವು ನಿಯಮಗಳ ಪಟ್ಟಿಗೆ ಸೇರದಿದ್ದರೆ, ತರ್ಕವು ಶುದ್ಧವಾಗಿದ್ದರೂ ಫಲವು ಅವನಿಗೆ ಒದಗದು.

ಆದುದರಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಮಟ್ಟಿಗೆ ಮಾಡತಕ್ಕ ಕೆಲಸವು ದೊಡ್ಡ ಯಂತ್ರವನ್ನು ತರುವುದಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಎಪಿಎಂಸಿಗಳೂ ಕೂಡಿ, ಭತ್ತವೊಂದನ್ನೇ ಆರಿಸಿಕೊಂಡು, ರೈತ, ದಲಾಲ, ಗಿರಣಿದಾರರ ಮಾತುಗಳಿಂದ ಪರ-ವಿರೋಧ ವಾದಗಳನ್ನು ಕನ್ನಡದಲ್ಲಿ ಸಂಗ್ರಹಿಸಿ, ಪ್ರತಿದಿನದ ದರದ ಪಕ್ಕದಲ್ಲಿ ಪ್ರಕಟಿಸಲು ತೊಡಗಿದರೆ ಆರಂಭಕ್ಕೆ ಅಷ್ಟು ಸಾಕು. ಕಾರಣವನ್ನೂ ಪ್ರತಿಕಾರಣವನ್ನೂ ಹೇಳದೆ ಅಂಕಿಯನ್ನಷ್ಟೇ ಕೊಡುವ ವ್ಯವಸ್ಥೆಯು, ಅದು ಎಷ್ಟೇ ಚುರುಕಾಗಿರಲಿ, ಸಲಹೆಗಾರನೆಂಬ ಹೆಸರಿಗೆ ಅರ್ಹವಲ್ಲ.