ಕೌದಿ

ಹಳೆಯ ಸೀರೆ, ಧೋತರ, ಅಂಗಿ, ಕುಪ್ಪಸಗಳಲ್ಲಿ ಇನ್ನೂ ಗಟ್ಟಿಯಾಗಿ ಉಳಿದ ಭಾಗಗಳನ್ನೂ ಹೊಸ ಬಟ್ಟೆ ಹೊಲಿದು ಮಿಕ್ಕ ಚೂರುಗಳನ್ನೂ ಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದುಗೂಡಿಸಿದ ಹೊದಿಕೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಲೂ ಹೊದೆಯಲೂ ತಲೆಮಾರುಗಳಿಂದ ಬಳಕೆಯಲ್ಲಿದೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳ, ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿ ಇದರ ರೂಢಿ ಹೆಚ್ಚು. ಉತ್ತರ ಕನ್ನಡದ ಸಿದ್ದಿ ಸಮುದಾಯದವರು ತಮ್ಮದೇ ಕ್ರಮದಲ್ಲಿ ಹೊಲಿಯುವ ಕೌದಿಗೆ ಕವಂದ ಎನ್ನುತ್ತಾರೆ. ಕೌದಿಗಾಗಿ ಯಾರೂ ಬಟ್ಟೆ ಕೊಳ್ಳುತ್ತಿರಲಿಲ್ಲ. ಹಾಗಾಗಿ ಒಂದು ಕಾಲದ ಮನೆಯವರು ಏನು ಉಡುತ್ತಿದ್ದರು, ಆ ಬಟ್ಟೆ ಎಲ್ಲಿಂದ ಬರುತ್ತಿತ್ತು ಎಂಬುದರ ಜೊತೆಗೇ ಕೌದಿಯ ಸ್ವರೂಪವೂ ಬದಲಾಗುತ್ತ ಬಂದಿದೆ.

ನೆರೆಯ ರೂಪಗಳು

ಹಳೆಯ ಬಟ್ಟೆಯಿಂದ ಹೊದಿಕೆ ಹೊಲಿಯುವ ಪದ್ಧತಿ ಭಾರತ ಉಪಖಂಡದ ಬಹುಭಾಗದಲ್ಲಿದೆ. ಮಹಾರಾಷ್ಟ್ರದ ಗೋಧಡಿ, ತೆಲುಗು ಸೀಮೆಯ ಬೊಂತ, ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್, ರಾಜಸ್ಥಾನ ಮತ್ತು ಗುಜರಾತಿನ ರಲ್ಲಿ ಇವೆಲ್ಲ ಕೌದಿಯ ಬಂಧುಗಳು. ಬಂಗಾಳದಲ್ಲಿ ಮೆದುವಾದ ಹಳೆಯ ಸೀರೆಯ ಮೇಲೆ ಹೂ, ಪ್ರಾಣಿ, ಕಥಾದೃಶ್ಯಗಳ ಕಸೂತಿ ಬೆಳೆಯಿತು. ಸಿಂಧ್ ಕಡೆ ಕತ್ತರಿಸಿದ ಬಟ್ಟೆಯ ಜ್ಯಾಮಿತೀಯ ವಿನ್ಯಾಸಗಳು ಬಲಿತವು. ದಖ್ಖನಿನ ಕೌದಿ, ಗೋಧಡಿಗಳಲ್ಲಿ ಚಿತ್ರಕ್ಕಿಂತ ಬಣ್ಣದ ತುಂಡುಗಳ ಜೋಡಣೆ ಮತ್ತು ಹೊಲಿಗೆಯ ಸಾಲುಗಳೇ ಮುಖ್ಯ. ಗಡಿನಾಡಿನ ಊರುಗಳಲ್ಲಿ ಕೌದಿ ಯಾವುದು, ಗೋಧಡಿ ಯಾವುದು ಎಂದು ನೋಡಿ ಹೇಳುವುದು ಕಷ್ಟ.

ಪ್ರಾಚೀನ ಹಿನ್ನೆಲೆ

ಮನೆಬಳಕೆಯ ಕೌದಿಗಳ ತೀರ ಹಳೆಯ ಮಾದರಿಗಳು ಉಳಿದಿಲ್ಲ. ಹರಿಯುವವರೆಗೆ ಬಳಸಿ, ಹರಿದದ್ದನ್ನು ಮತ್ತೊಂದು ಕೌದಿಯ ಒಳಪದರವಾಗಿಸಿ, ಕೊನೆಗೆ ಒರೆಸುವ ಬಟ್ಟೆಯಾಗಿ ಮುಗಿಸುವುದು ರೂಢಿ. ಬಂಗಾಳದ ಸಾತಗಾಂವ್‌ನಿಂದ 16 ಮತ್ತು 17ನೇ ಶತಮಾನಗಳಲ್ಲಿ ಪೋರ್ಚುಗೀಸರು ಯೂರೋಪಿಗೆ ಒಯ್ದ ರೇಷ್ಮೆ ಕಸೂತಿಯ ಹೊದಿಕೆಗಳು ಶ್ರೀಮಂತರ ಸಂಗ್ರಹ ಸೇರಿದ್ದರಿಂದ ಇಂದಿಗೂ ಇವೆ. ಬಡವರ ಹೊದಿಕೆಗೆ ಆ ಭಾಗ್ಯ ಬರಲಿಲ್ಲ. ಸಂಗ್ರಹಾಲಯಗಳಲ್ಲಿರುವ ಬಂಗಾಳದ ಕಾಂಥಾಗಳು ಸಹ ಬಹುತೇಕ 19ನೇ ಶತಮಾನ ಮತ್ತು ಅದರ ಈಚಿನವು.

ಬಟ್ಟೆ ಉಳಿಯದಿದ್ದರೂ ಪದ್ಧತಿಯ ಹಳಮೆಗೆ ಧಾರ್ಮಿಕ ಪರಂಪರೆಯಲ್ಲಿ ಆಧಾರಗಳಿವೆ. ಬೌದ್ಧ ವಿನಯ ಪಿಟಕದ ಪ್ರಕಾರ ಮಗಧದ ಬದು ಹಾಕಿದ ಗದ್ದೆಗಳನ್ನು ಕಂಡ ಬುದ್ಧ, ಭಿಕ್ಷುಗಳ ಉಡುಪಾದ ಚೀವರವನ್ನೂ ಹಾಗೆಯೇ ತುಂಡು ಜೋಡಿಸಿ ಹೊಲಿಯಲು ಆನಂದನಿಗೆ ಸೂಚಿಸಿದ. ತುಂಡರಿಸಿದ ಬಟ್ಟೆಗೆ ಮಾರಾಟದ ಬೆಲೆ ಇರದು, ಕಳ್ಳರ ಆಸೆಯೂ ಇರದು ಎಂಬುದು ಇದರ ಹಿಂದಿನ ತರ್ಕ. ಚೀನದ ದುನ್‌ಹುವಾಂಗ್ ಗುಹೆಯಲ್ಲಿ ಪುರಾತತ್ತ್ವಜ್ಞ ಆರೆಲ್ ಸ್ಟೈನ್‌ಗೆ ದೊರೆತ, ರೇಷ್ಮೆ ಚೂರುಗಳನ್ನು ಜೋಡಿಸಿದ 8 ಅಥವಾ 9ನೇ ಶತಮಾನದ ಬೌದ್ಧ ವಸ್ತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಕನ್ನಡ ನೆಲದಲ್ಲಿ ಬೊಂತೆ, ಕಂಥೆ ಎಂಬ ತೇಪೆಯ ಹೊದಿಕೆಗಳು ವಿರಕ್ತರ ಗುರುತಾಗಿದ್ದವು. 12ನೇ ಶತಮಾನದ ವಚನಕಾರ್ತಿ ಬೊಂತಾದೇವಿ ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದವಳು, ಶಿವನು ಕೊಟ್ಟ ಬೊಂತೆಯನ್ನು ಹೊದ್ದಿದ್ದರಿಂದ ಅವಳಿಗೆ ಆ ಹೆಸರು ಬಂತು ಎಂಬ ಐತಿಹ್ಯವಿದೆ. ತೇಪೆಯ ಹೊದಿಕೆ ಸಂಸಾರಿಗೆ ಉಳಿತಾಯ, ಸನ್ಯಾಸಿಗೆ ವೈರಾಗ್ಯ.

ಬಟ್ಟೆ ಬಂದ ದಾರಿ

ಉತ್ತರ ಕರ್ನಾಟಕದ ಕಪ್ಪು ಮಣ್ಣು ಹತ್ತಿಯ ನೆಲ. ಇಳಕಲ್ಲು, ಗುಳೇದಗುಡ್ಡ ಮುಂತಾದ ನೇಕಾರಿಕೆಯ ಊರುಗಳು ಈ ಸೀಮೆಯಲ್ಲೇ ಇವೆ. ಹೀಗಾಗಿ ಹಳೆಯ ಕೌದಿಗಳ ಮುಖ್ಯ ಸರಕು ಕೈಮಗ್ಗದ ಹತ್ತಿ ಬಟ್ಟೆ. ಇಳಕಲ್ ಸೀರೆಯ ಒಡಲು ತೆಳುವಾಗಿ ಸವೆದ ಮೇಲೂ ಅದರ ಅಂಚು ಗಟ್ಟಿಯಾಗಿರುತ್ತದೆ. ಈ ಅಂಚನ್ನು ಬಿಡಿಸಿ ಕೌದಿಯ ಸುತ್ತಲೂ ಹೊಲಿಯುವುದರಿಂದ ಅಂದವೂ ಬಾಳಿಕೆಯೂ ಬರುತ್ತವೆ. ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣದಲ್ಲಿ ಸಣ್ಣ ಬುಟ್ಟಾಗಳಿರುತ್ತವೆ. ಕುಪ್ಪಸ ಹೊಲಿದು ಉಳಿದ ಅದರ ಚೂರುಗಳು ತ್ರಿಕೋನ, ಚೌಕಗಳಾಗಿ ಕೌದಿಯ ಮೇಲ್ಭಾಗಕ್ಕೆ ಬರುತ್ತವೆ.

19ನೇ ಶತಮಾನದ ಉತ್ತರಾರ್ಧದಲ್ಲಿ ಗಿರಣಿ ಬಟ್ಟೆ ಹಳ್ಳಿಯ ಸಂತೆಗಳನ್ನು ತಲುಪಿತು. ಛಾಪಿಸಿದ ಚೀಟಿನ ಬಟ್ಟೆ, ಪಟ್ಟೆ ಬಟ್ಟೆಗಳು ಕೌದಿಯನ್ನೂ ಸೇರಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ತೀವ್ರ ಅಭಾವವಾಗಿ, 1943ರಲ್ಲಿ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹೇರಿತು. ಹೊಸ ಬಟ್ಟೆ ಸಿಗದ ಅಂಥ ದಿನಗಳಲ್ಲಿ ಹಳೆಯ ಬಟ್ಟೆಯೇ ಮನೆಯ ಆಸ್ತಿ.

ಹೊಲಿಗೆ ಯಂತ್ರ ಹರಡಿದ್ದು ಇನ್ನೊಂದು ತಿರುವು. ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಉಷಾ ಹೆಸರಿನ ಯಂತ್ರಗಳ ತಯಾರಿಕೆ ಆರಂಭಿಸಿತು. ಮುಂದೆ ಊರೂರಿಗೆ ದರ್ಜಿಗಳ ಅಂಗಡಿಗಳಾದಂತೆ ಉಟ್ಟು ಸವೆಯದ ಹೊಸ ಬಟ್ಟೆಯ ಚೂರುಗಳು ರಾಶಿಯಾಗಿ ದೊರೆಯತೊಡಗಿದವು. ಅಲ್ಲಿಯವರೆಗೆ ದೊಡ್ಡ ತುಂಡುಗಳಿಂದ ಆಗುತ್ತಿದ್ದ ಕೌದಿಗಳ ಜೊತೆಗೆ ಸಣ್ಣ ತುಂಡುಗಳ, ಹೆಚ್ಚು ಬಣ್ಣಗಳ ಕೌದಿಗಳೂ ಬಂದವು.

ಹೊಲಿಯುವ ಕ್ರಮ

ಮೊದಲು ಹಳೆಯ ಬಟ್ಟೆಗಳನ್ನು ಒಗೆದು ಒಣಗಿಸಿ ಹೊಲಿಗೆ ಬಿಚ್ಚುತ್ತಾರೆ. ಗುಂಡಿ, ಕಾಲರು, ದಪ್ಪ ಮಡಿಕೆಗಳನ್ನು ತೆಗೆಯುತ್ತಾರೆ, ಏಕೆಂದರೆ ಸೂಜಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಮಲಗುವವರಿಗೂ ಒತ್ತುತ್ತದೆ. ಅಂಗಳದಲ್ಲೋ ಪಡಸಾಲೆಯಲ್ಲೋ ಒಂದು ಹಳೆಯ ಸೀರೆಯನ್ನು ಬೇಕಾದ ಅಳತೆಗೆ ಮಡಿಸಿ ಹಾಸುವುದು ಕೌದಿಯ ತಳ. ಅದರ ಮೇಲೆ ಸವೆದ ಬಟ್ಟೆಗಳನ್ನು ಎಲ್ಲೂ ಗುಳಿ ಬೀಳದಂತೆ, ಎಲ್ಲೂ ಉಬ್ಬದಂತೆ ಹರಡುತ್ತಾರೆ. ಮೇಲ್ಪದರಕ್ಕೆ ಗಟ್ಟಿ ಬಟ್ಟೆಯ, ಬಣ್ಣ ಮಾಸದ ತುಂಡುಗಳು ಬೇಕು. ಪದರಗಳು ಸರಿಯದಂತೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದುಂಟು.

ಸೂಜಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹಾಯುವ ಸರಳ ಸಾಲುಹೊಲಿಗೆಯೇ ಕೌದಿಯ ಜೀವಾಳ. ಹಲವು ಮನೆಗಳಲ್ಲಿ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ಒಳಕ್ಕೆ ಸಾಗಿ ನಡುವೆ ಮುಗಿಸುತ್ತಾರೆ. ಕೆಲವರು ಉದ್ದಕ್ಕೂ ಸಮಾನಾಂತರ ಸಾಲುಗಳನ್ನು ಹಾಕುತ್ತಾರೆ. ಸುತ್ತಿನ ಕ್ರಮದಲ್ಲಿ ಇಬ್ಬರು ಮೂವರು ಬೇರೆ ಬೇರೆ ಬದಿಗೆ ಕುಳಿತು ಏಕಕಾಲಕ್ಕೆ ಹೊಲಿಯಬಹುದು. ಸಾಲುಗಳ ನಡುವಿನ ಅಂತರ ಕಡಿಮೆಯಾದಷ್ಟೂ ಕೌದಿ ಗಟ್ಟಿ, ಆದರೆ ಅಷ್ಟೇ ಬಿರುಸು. ಅಂತರ ಹೆಚ್ಚಾದರೆ ಮೆದು, ಆದರೆ ನಾಲ್ಕಾರು ಒಗೆತಕ್ಕೇ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ. ಹೊಲಿಗೆಯ ಅಂತರ ನೋಡಿಯೇ ಬಲ್ಲವರು ಹೊಲಿದವರ ಕೈಯನ್ನು ಅಳೆಯುತ್ತಾರೆ.

ಕೌದಿ ಬೆಚ್ಚಗಿರುವುದು ಬಟ್ಟೆಯ ದಪ್ಪದಿಂದ ಮಾತ್ರವಲ್ಲ. ಪದರಗಳ ನಡುವೆ ಸಿಕ್ಕ ಗಾಳಿ ಶಾಖವನ್ನು ಹೊರಗೆ ಬಿಡದು. ಹೊಲಿಗೆಯ ಸಾಲುಗಳು ಆ ಗಾಳಿಯನ್ನು ಸಣ್ಣ ಸಣ್ಣ ಅಂಕಣಗಳಲ್ಲಿ ಹಿಡಿದಿಡುತ್ತವೆ. ಹತ್ತಿಯಾದ್ದರಿಂದ ಬೆವರನ್ನು ಹೀರುತ್ತದೆ. ಹೀಗಾಗಿ ಬೇಸಗೆಯಲ್ಲಿ ಹಾಸಲೂ ಚಳಿಗಾಲದಲ್ಲಿ ಹೊದೆಯಲೂ ಒಂದೇ ಕೌದಿ ಸಾಕಾಗುತ್ತದೆ. ಹರಿದಾಗ ಮೇಲೊಂದು ತೇಪೆ, ಪೂರ್ತಿ ಸವೆದಾಗ ಮೇಲೊಂದು ಹೊಸ ಪದರ. ಹೀಗೆ ಅಜ್ಜಿಯ ಕೌದಿ ಮೊಮ್ಮಗಳ ಕೌದಿಯ ಒಳಗೆ ಇರುವುದು ಅಪರೂಪವಲ್ಲ.

ಗೊಂದಲಿಗ ಮಹಿಳೆಯರು

ಕೌದಿ ಮನೆಯ ಹೆಂಗಸರು ಬಿಡುವಿನಲ್ಲಿ ಹೊಲಿದದ್ದು ಮಾತ್ರ ಎಂದುಕೊಂಡರೆ ಅರ್ಧ ಇತಿಹಾಸ ತಪ್ಪುತ್ತದೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ಕಸುಬಾಗಿಸಿಕೊಂಡವರು ಗೊಂದಲಿಗ ಸಮುದಾಯದ ಮಹಿಳೆಯರು. ಗೊಂದಲಿಗರು ತುಳಜಾಪುರದ ಅಂಬಾಭವಾನಿ ಮೊದಲಾದ ದೇವಿಯರ ಉಪಾಸಕರು. ಮದುವೆಯಂಥ ಶುಭಕಾರ್ಯಗಳಾದ ಮನೆಗಳಲ್ಲಿ ಗಂಡಸರು ಸಂಬಾಳವೆಂಬ ವಾದ್ಯ ಬಾರಿಸಿ ರಾತ್ರಿಯಿಡೀ ಗೊಂದಲ ಎಂಬ ದೇವಿಯ ಹಾಡಿನ ಮೇಳ ನಡೆಸುತ್ತಾರೆ. ಹೆಂಗಸರು ಓಣಿಗಳಲ್ಲಿ ತಿರುಗಿ ಕೌದಿ ಹೊಲಿದುಕೊಡುತ್ತಾರೆ. ಬಟ್ಟೆ ಮನೆಯವರದು, ಸೂಜಿ ಮತ್ತು ಕೈ ಅವರದು. ಕೂಲಿ ಹಿಂದೆ ಕಾಳುಕಡಿಯ ರೂಪದಲ್ಲಿರುತ್ತಿತ್ತು, ಈಗ ಹಣದಲ್ಲಿ. ಊರಿಂದೂರಿಗೆ ತಿರುಗುವ ಇವರಿಂದಾಗಿ ವಿನ್ಯಾಸಗಳೂ ಊರಿಂದೂರಿಗೆ ಹೋದವು. ಮೇಳದಲ್ಲಿ ಹಾಡಿದ ಗಂಡಸರ ಕಲೆ ಜಾನಪದ ಅಧ್ಯಯನದಲ್ಲಿ ದಾಖಲಾದಷ್ಟು ಹೆಂಗಸರ ಸೂಜಿಯ ಕೆಲಸ ದಾಖಲಾಗಿಲ್ಲ.

ಸಿದ್ದಿಯರ ಕವಂದ

ಸಿದ್ದಿಯರು ಆಫ್ರಿಕಾ ಮೂಲದವರು. ಇವರಲ್ಲಿ ಹಲವರ ಪೂರ್ವಜರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದವರ ವಂಶಸ್ಥರು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲ್ಲೂಕುಗಳಲ್ಲಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು.

ಕವಂದ ಹೊಲಿಯುವವರು ಮೇಲ್ಪದರವನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಸೀರೆಯ ತಳದ ಒಂದು ಮೂಲೆಯಲ್ಲಿ ಮೊದಲ ತುಂಡಿನ ಅಂಚು ಮಡಿಸಿ ಹೊಲಿಗೆ ಹಾಕುತ್ತಾರೆ. ಆ ಸಾಲು ಮುಂದುವರಿದಂತೆ ಒಂದೊಂದೇ ತುಂಡನ್ನು ಪಕ್ಕಕ್ಕೆ ಸೇರಿಸುತ್ತ ನಾಲ್ಕೂ ಬದಿ ಸುತ್ತಿ ನಡುವಿಗೆ ಬರುತ್ತಾರೆ. ತುಂಡು ಜೋಡಿಸುವುದು, ಪದರ ಬಿಗಿಯುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗುವುದರಿಂದ ಮೊದಲೇ ಬರೆದಿಟ್ಟ ನಕಾಶೆ ಇರುವುದಿಲ್ಲ. ಮುಂದಿನ ತುಂಡಿನ ಬಣ್ಣವನ್ನು ಕೈಗೆ ಸಿಕ್ಕ ರಾಶಿ ನೋಡಿ ಆಗಲೇ ನಿರ್ಧರಿಸುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ತ್ರಿಕೋನದ ಹೂವುಗಳನ್ನು ಹೊಲಿಯುತ್ತಾರೆ. ಹೂವಿಲ್ಲದ ಕವಂದ ಬರಿಮೈಯದು ಎಂಬ ಭಾವನೆ ಅವರಲ್ಲಿದೆ. ಕ್ರೈಸ್ತರ ಕವಂದಗಳಲ್ಲಿ ಶಿಲುಬೆ, ಮುಸ್ಲಿಮರವುಗಳಲ್ಲಿ ಅರ್ಧಚಂದ್ರ ಕಾಣುವುದುಂಟು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು. 2004ರಲ್ಲಿ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘಟನೆ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಗಳ ಪ್ರದರ್ಶನ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಜಿಯೊ ಸಿದ್ದಿ ಮಹಿಳೆಯರ ಕ್ರಮವನ್ನು ಕಲಿತು ಹೇಳಿಕೊಟ್ಟ ಮೇಲೆ ‘ಕವಂಡಿ’ ಎಂಬ ಹೆಸರಿನಲ್ಲಿ ಅದು ಅಮೆರಿಕದ ಹೊಲಿಗೆ ಬಳಗಗಳಿಗೂ ಪರಿಚಯವಾಯಿತು. ಕವಂದದ ದಿಟ್ಟ ಬಣ್ಣಗಳಲ್ಲಿ ಆಫ್ರಿಕಾದ ನೆನಪನ್ನು ಹುಡುಕುವವರಿದ್ದಾರೆ. ಆದರೆ ಸೀರೆಯ ತಳ, ಸಾಲುಹೊಲಿಗೆ, ಅಂಚಿನಿಂದ ನಡುವಿಗೆ ಸಾಗುವ ರೀತಿ ಇವು ದಖ್ಖನಿನ ನೆರೆಹೊರೆಯವರಲ್ಲೂ ಇವೆ. ಈ ನೆಲದ ರೂಢಿಯನ್ನು ಪಡೆದು ಅದಕ್ಕೆ ತಮ್ಮ ಮುದ್ರೆ ಒತ್ತಿದ ಕಲೆ ಇದು ಎನ್ನುವುದು ಹೆಚ್ಚು ಸರಿ.

ಬಳಕೆ

ಹಾಸಿಗೆ, ಹೊದಿಕೆಗಳಲ್ಲದೆ ತೊಟ್ಟಿಲಿಗೆ ಹಾಸುವ ಪುಟ್ಟ ಕೌದಿಗಳಿವೆ. ಕೂಸಿಗೆ ಹಳೆಯ ಹತ್ತಿ ಬಟ್ಟೆಯಷ್ಟು ಮೆದುವಾದದ್ದು ಬೇರೆ ಇಲ್ಲವೆಂಬುದು ಎಲ್ಲ ಕಡೆಯ ಅನುಭವ. ಮಗುವಿನ ತಲೆ, ಬೆನ್ನು ಮುಚ್ಚುವ ಕುಂಚಿಗೆಯನ್ನೂ ಬಣ್ಣದ ತುಂಡು ಜೋಡಿಸಿ ಹೊಲಿಯುತ್ತಾರೆ. ಕಾರಹುಣ್ಣಿಮೆಯಂಥ ಹಬ್ಬಗಳಲ್ಲಿ ಎತ್ತಿನ ಬೆನ್ನಿಗೆ ಹೊದಿಸುವ ಝೂಲಕ್ಕೂ ಇದೇ ಜೋಡಣೆಯ ಕೈಚಳಕ ಬೇಕು. ಚಕ್ಕಡಿಯಲ್ಲಿ ಹಾಸಲು, ಕಾಳು ಒಣಹಾಕಲು ಹಳೆಯ ಕೌದಿಗಳು ಒದಗುತ್ತವೆ. ಮಹಾನವಮಿಗೆ ಮುನ್ನ ಮನೆ ಸಾರಿಸಿ, ಕೌದಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೊಳೆ, ಹಳ್ಳಗಳಿಗೆ ಒಯ್ದು ಒಗೆಯುವುದು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ. ನೀರು ಕುಡಿದ ಕೌದಿಯನ್ನು ಎತ್ತಿ ಹಿಂಡಲು ಇಬ್ಬರು ಬೇಕು.

ಇತ್ತೀಚಿನ ಬದಲಾವಣೆಗಳು

1970ರ ದಶಕದ ನಂತರ ಪಾಲಿಯೆಸ್ಟರ್, ನೈಲಾನ್ ಸೀರೆಗಳು ಹಳ್ಳಿಗಳಲ್ಲಿ ಹೆಚ್ಚಾದವು. ಇವು ಬೇಗ ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ. ಆದರೆ ಜಾರುವುದರಿಂದ ಹೊಲಿಗೆ ನಿಲ್ಲುವುದು ಕಷ್ಟ, ಬೆವರನ್ನೂ ಹೀರವು. ಮೇಲ್ಪದರಕ್ಕೆ ಹೊಳೆಯುವ ಪಾಲಿಯೆಸ್ಟರ್, ಒಳಗೆ ಹತ್ತಿ ಎಂಬ ಮಿಶ್ರ ಕೌದಿಗಳು ಹೀಗೆ ಬಂದವು. ಸೊಲ್ಲಾಪುರದ ಚಾದರ, ಗಿರಣಿಯ ಬ್ಲ್ಯಾಂಕೆಟ್, ಫೋಮ್ ಗಾದಿಗಳು ಅಗ್ಗವಾದಂತೆ ಮದುವೆಯಾಗಿ ಹೋಗುವ ಮಗಳಿಗೆ ಕೌದಿ ಕೊಡುವ ರೂಢಿ ಸಡಿಲಾಯಿತು. ಹೊಲಿಯುವ ಗೊಂದಲಿಗರ ಮುಂದಿನ ತಲೆಮಾರು ಬೇರೆ ಕೆಲಸಗಳಿಗೆ ಹೋಯಿತು.

ಇದಕ್ಕೆ ಎದುರಾದ ಬೆಳವಣಿಗೆಯೂ ಇದೆ. ಬಟ್ಟೆಯ ತ್ಯಾಜ್ಯದ ಬಗ್ಗೆ ಎಚ್ಚರ ಹೆಚ್ಚಿದ ನಗರಗಳಲ್ಲಿ ಕೌದಿಗೆ ಹೊಸ ಗಿರಾಕಿಗಳು ಹುಟ್ಟಿದ್ದಾರೆ. ಸ್ವಸಹಾಯ ಗುಂಪುಗಳು ಕೌದಿಯ ಜೊತೆಗೆ ಅದೇ ಹೊಲಿಗೆಯ ಚೀಲ, ದಿಂಬಿನ ಕವರು, ಅಂಗಿಗಳನ್ನು ಮಾರುತ್ತಿವೆ. ಸಿದ್ಧ ಉಡುಪು ಕಾರ್ಖಾನೆಗಳ ಕತ್ತರಿಕೆ ಚೂರುಗಳು ಈಗ ಮುಖ್ಯ ಸರಕಾಗುತ್ತಿವೆ. ಮಾರುಕಟ್ಟೆಗೆ ಬಂದ ಕೌದಿ ಮಾತ್ರ ಮನೆಯ ಕೌದಿಯಂತಿಲ್ಲ. ಅದಕ್ಕೆ ಹೊಂದುವ ಬಣ್ಣಗಳು ಬೇಕು, ಹಗುರವಾಗಿರಬೇಕು, ಅಳತೆ ಒಂದೇ ಇರಬೇಕು. ಗಿರಾಕಿಗಾಗಿ ಹೊಸ ಬಟ್ಟೆಯನ್ನೇ ಕತ್ತರಿಸಿ ಚೂರು ಮಾಡುವುದೂ ನಡೆದಿದೆ.

ಇಳಕಲ್ ಸೀರೆ, ಕಸೂತಿಗಳ ಇತಿಹಾಸ ಬರೆಯಲು ನೇಕಾರರ ಲೆಕ್ಕ, ವ್ಯಾಪಾರದ ದಾಖಲೆ, ಸಂಗ್ರಹಾಲಯದ ಮಾದರಿಗಳು ನೆರವಾದವು. ಕೌದಿಗೆ ಅಂಥ ದಾಖಲೆ ಇಲ್ಲ, ಹೊಲಿದವರ ಹೆಸರನ್ನು ಅದರ ಮೇಲೆ ಯಾರೂ ಬರೆಯಲಿಲ್ಲ. ಮನೆಗಳಲ್ಲಿ ಉಳಿದಿರುವ ಹಳೆಯ ಕೌದಿಗಳನ್ನು ಹೊಲಿದವರ ಹೆಸರು, ಊರು, ಕಾಲದೊಂದಿಗೆ ಸಂಗ್ರಹಿಸುವುದು ಕರ್ನಾಟಕದ ವಸ್ತ್ರ ಇತಿಹಾಸದಲ್ಲಿ ಇನ್ನೂ ಆಗಬೇಕಾದ ಕೆಲಸ.