ಟೀಚ್ ಅನುದಾನ

ಟೀಚ್ ಅನುದಾನವು ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಶಿಕ್ಷಕ ವೃತ್ತಿಗೆ ಸಿದ್ಧರಾಗುವ ವಿದ್ಯಾರ್ಥಿಗಳಿಗೆ ಅಲ್ಲಿನ ಒಕ್ಕೂಟ ಸರ್ಕಾರವು ನೀಡುವ ಷರತ್ತುಬದ್ಧ ಧನಸಹಾಯವಾಗಿದೆ. 2007ರ ಕಾಲೇಜ್ ಕಾಸ್ಟ್ ರಿಡಕ್ಷನ್ ಅಂಡ್ ಆಕ್ಸೆಸ್ ಕಾಯ್ದೆಯಿಂದ ಸ್ಥಾಪಿತವಾದ ಈ ಯೋಜನೆಯು 2008-09ನೇ ಶೈಕ್ಷಣಿಕ ವರ್ಷದಲ್ಲಿ ಜಾರಿಗೆ ಬಂದಿತು. ಹೆಸರಿಗೆ ಅನುದಾನವಾದರೂ, ಸೇವಾ ಕರಾರು ಪೂರೈಸದಿದ್ದಲ್ಲಿ ಇದು ಬಡ್ಡಿಸಹಿತ ಸಾಲವಾಗಿ ಮಾರ್ಪಡುತ್ತದೆ.

ಅರ್ಹತೆ ಮತ್ತು ಮೊತ್ತ

ಅಭ್ಯರ್ಥಿಯು ಯೋಜನೆಯಲ್ಲಿ ಭಾಗಿಯಾಗಿರುವ ಕಾಲೇಜಿನಲ್ಲಿ ಓದುತ್ತಿದ್ದು, ಫಾಫ್ಸಾ ಎಂಬ ನೆರವಿನ ಅರ್ಜಿಯನ್ನು ಸಲ್ಲಿಸಿರಬೇಕು. ಕುಟುಂಬದ ಆದಾಯವನ್ನು ಪರಿಗಣಿಸುವುದಿಲ್ಲ. ಸಾಮಾನ್ಯವಾಗಿ 4 ಅಂಕಗಳ ಮಾಪನದಲ್ಲಿ ಕನಿಷ್ಠ 3.25 ಸರಾಸರಿ ಇರಬೇಕು, ಇಲ್ಲವೇ ಪ್ರವೇಶ ಪರೀಕ್ಷೆಯ ಒಂದು ಭಾಗದಲ್ಲಾದರೂ 75ನೇ ಶತಮಾನಕಕ್ಕಿಂತ ಮೇಲಿನ ಸ್ಥಾನ ಪಡೆದಿರಬೇಕು. ವಿದ್ಯಾರ್ಥಿ ವೀಸಾದಲ್ಲಿ ತೆರಳಿದ ಭಾರತೀಯರಿಗೆ ಈ ನೆರವು ದೊರೆಯದು. ಗ್ರೀನ್ ಕಾರ್ಡ್ ಹೊಂದಿದವರು ಅರ್ಜಿ ಸಲ್ಲಿಸಬಹುದು.

ಕಾಯ್ದೆಯ ಪ್ರಕಾರ ವರ್ಷಕ್ಕೆ ಗರಿಷ್ಠ 4,000 ಡಾಲರ್ ದೊರೆಯುತ್ತದೆ. ಒಟ್ಟು ಮಿತಿಯು ಪದವಿ ಹಂತದಲ್ಲಿ 16,000 ಮತ್ತು ಸ್ನಾತಕೋತ್ತರ ಹಂತದಲ್ಲಿ 8,000 ಡಾಲರ್. ಸರ್ಕಾರಿ ವೆಚ್ಚ ಕಡಿತದ ಕಾರಣ ವಾಸ್ತವದಲ್ಲಿ ಕೈಸೇರುವ ಮೊತ್ತ ಇದಕ್ಕಿಂತ ತುಸು ಕಡಿಮೆ.

ಪದವಿಯ ನಂತರ ಶಿಕ್ಷಕ ಪ್ರಮಾಣಪತ್ರ

ಬೇರೆ ವಿಷಯದಲ್ಲಿ ಪದವಿ ಪಡೆದು, ಬಳಿಕ ಶಿಕ್ಷಕರಾಗಲು ಬಯಸುವವರು ತಮ್ಮ ರಾಜ್ಯದ ಪ್ರಮಾಣಪತ್ರಕ್ಕಾಗಿ ಮತ್ತೆ ಓದಬೇಕಾಗುತ್ತದೆ. ಪದವಿ ಮುಗಿದೊಡನೆ ಪೆಲ್ ಅನುದಾನದ ಅರ್ಹತೆ ಸಾಮಾನ್ಯವಾಗಿ ಕೊನೆಗೊಳ್ಳುವುದರಿಂದ ಇವರ ಪಾಲಿಗೆ ನೆರವಿನ ದಾರಿ ಕಿರಿದು. ಆದರೂ ಶಿಕ್ಷಣ ವಿಷಯದಲ್ಲಿ ಪದವಿ ನೀಡದ ಸಂಸ್ಥೆಯೊಂದು ನಡೆಸುವ ಪ್ರಮಾಣಪತ್ರ ವ್ಯಾಸಂಗಕ್ಕೆ ಪೆಲ್ ಮತ್ತು ಟೀಚ್ ಎರಡೂ ನಿರ್ದಿಷ್ಟ ಷರತ್ತುಗಳಡಿ ಲಭ್ಯ. ಒಕ್ಕೂಟದ ನೇರ ಸಾಲದ ಮಟ್ಟಿಗೆ ಇಂಥವರನ್ನು ಐದನೇ ವರ್ಷದ ಪದವಿ ವಿದ್ಯಾರ್ಥಿಗಳೆಂದು ಪರಿಗಣಿಸಲಾಗುತ್ತದೆ. ಸ್ನಾತಕೋತ್ತರ ಹಂತದ ಹೆಚ್ಚಿನ ಸಾಲಮಿತಿ ಇವರಿಗೆ ಅನ್ವಯಿಸುವುದಿಲ್ಲ.

ಸೇವಾ ಕರಾರು

ಅನುದಾನ ಪಡೆದವರು ವ್ಯಾಸಂಗ ಮುಗಿದ ಅಥವಾ ಬಿಟ್ಟ 8 ವರ್ಷಗಳೊಳಗೆ, ಕಡಿಮೆ ಆದಾಯದ ಕುಟುಂಬಗಳ ಮಕ್ಕಳು ಕಲಿಯುವ ಶಾಲೆಗಳಲ್ಲಿ 4 ವರ್ಷ ಪೂರ್ಣಾವಧಿ ಬೋಧಿಸಬೇಕು. ಬೋಧಿಸುವ ವಿಷಯವೂ ಶಿಕ್ಷಕರ ಕೊರತೆಯಿರುವುದಾಗಿರಬೇಕು: ಗಣಿತ, ವಿಜ್ಞಾನ, ವಿದೇಶಿ ಭಾಷೆ, ವಿಶೇಷ ಶಿಕ್ಷಣ ಮುಂತಾದವು. ತಪ್ಪಿದಲ್ಲಿ ಪಡೆದ ಪೂರ್ಣ ಮೊತ್ತವು ಸಬ್ಸಿಡಿರಹಿತ ನೇರ ಸಾಲವಾಗುತ್ತದೆ. ಬಡ್ಡಿಯನ್ನು ಪರಿವರ್ತನೆಯ ದಿನದಿಂದಲ್ಲ, ಹಣ ಬಿಡುಗಡೆಯಾದ ದಿನದಿಂದಲೇ ಲೆಕ್ಕ ಹಾಕಲಾಗುತ್ತದೆ.

ವಿವಾದ ಮತ್ತು ಸುಧಾರಣೆ

ಆರಂಭದ ನಿಯಮಗಳಂತೆ ಫಲಾನುಭವಿಗಳು ಪ್ರತಿವರ್ಷ ದೃಢೀಕರಣ ಪತ್ರ ಸಲ್ಲಿಸಬೇಕಿತ್ತು. ಪತ್ರ ಕೆಲವೇ ದಿನ ತಡವಾದರೂ, ಸಹಿಯೊಂದು ಬಿಟ್ಟುಹೋದರೂ, ಕರಾರಿನಂತೆ ಬಡ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದವರ ಅನುದಾನವೇ ಸಾಲವಾಗಿ ಬದಲಾಗುತ್ತಿತ್ತು. ಅದನ್ನು ಮರಳಿ ಪಡೆಯುವುದು ಬಹುತೇಕ ಅಸಾಧ್ಯವಾಗಿತ್ತು. 2014ರ ಜುಲೈಗೆ ಮುನ್ನ ಸೇವಾವಧಿ ಆರಂಭಿಸಿದವರ ಪೈಕಿ 63 ಶೇಕಡಾ ಜನರ ಅನುದಾನಗಳು ಸಾಲವಾಗಿದ್ದವೆಂದು ಶಿಕ್ಷಣ ಇಲಾಖೆಗಾಗಿ ನಡೆದ ಅಧ್ಯಯನವು 2018ರಲ್ಲಿ ತೋರಿಸಿತು. ಇವರಲ್ಲಿ ಕರಾರನ್ನು ನಿಜವಾಗಿ ಕೈಬಿಟ್ಟವರೂ ಇದ್ದರೆಂಬುದನ್ನು ಗಮನಿಸಬೇಕು. ನ್ಯಾಷನಲ್ ಪಬ್ಲಿಕ್ ರೇಡಿಯೊ ಅದೇ ವರ್ಷ ಪ್ರಸಾರ ಮಾಡಿದ ವರದಿಗಳ ಬಳಿಕ, ಅರ್ಹ ಸೇವೆ ಸಲ್ಲಿಸಿದವರ ಸಾಲಗಳನ್ನು ಮತ್ತೆ ಅನುದಾನವಾಗಿಸುವ ಕ್ರಮವನ್ನು ಇಲಾಖೆಯು ಡಿಸೆಂಬರ್‌ನಲ್ಲಿ ಪ್ರಕಟಿಸಿತು. 2021ರ ಜುಲೈ 1ರಿಂದ ಜಾರಿಯಾದ ನಿಯಮಗಳಡಿ ವಾರ್ಷಿಕ ಪತ್ರ ತಪ್ಪಿತೆಂಬ ಒಂದೇ ಕಾರಣಕ್ಕೆ ಪರಿವರ್ತನೆ ನಡೆಯುವುದಿಲ್ಲ. ಫಲಾನುಭವಿಯೇ ಕೋರಿದಾಗ, ಅಥವಾ ಉಳಿದ ಅವಧಿಯಲ್ಲಿ 4 ವರ್ಷಗಳ ಸೇವೆ ಪೂರೈಸುವುದು ಸಾಧ್ಯವಿಲ್ಲದಾಗ ಮಾತ್ರ ಅನುದಾನವು ಸಾಲವಾಗುತ್ತದೆ.